ಹೆಂಡತಿ ಬೇಡ ಅಂದರೂ

"ಅಪ್ಪಾ, ಅವರ ಹೆಂಡ್ತಿ ಬೇಡ ಅಂದ್ರೂ ಅವರು ಯಾಕೆ ಬಿಡ್ಲಿಲ್ಲ?"

ಮಾರ್ಸ್ಡನ್ ಪಾರ್ಕಿನ ನಮ್ಮನೆಯಲ್ಲಿ ರಾತ್ರಿ ಊಟಕ್ಕೆ ಕೂತಾಗ ಮಗಳು ಕೇಳಿದ್ದು ಇದು. ಅವಳು ಓದೋದು ಕ್ಯಾಥೊಲಿಕ್ ಶಾಲೆಯಲ್ಲಿ. ನಾವು ಕ್ರೈಸ್ತರಲ್ಲ, ಶಾಲೆ ಹತ್ತಿರ ಇತ್ತು, ಸೇರಿಸಿದ್ವಿ. 2025ರ ಅಕ್ಟೋಬರ್ 19ರಂದು ಪೋಪ್ 14ನೇ ಲಿಯೊ ಅವರು ಪೀಟರ್ ಟೊ ರೊಟ್ ಎಂಬುವರನ್ನು ಸಂತರೆಂದು ಘೋಷಿಸಿದ್ದರು. ಪಾಪುವಾ ನ್ಯೂಗಿನಿಯ ಮೊದಲ ಸಂತ. ಅವರ ಕಥೆಯನ್ನು ಶಾಲೆಯಲ್ಲಿ ಹೇಳಿದ್ದರು.

ಈ ಹೆಸರು ನೀವು ಕೇಳಿರಲಿಕ್ಕಿಲ್ಲ. ನಾನೂ ಕೇಳಿರಲಿಲ್ಲ. ಆದರೆ ತೀರಾ ದೂರದವರೇನಲ್ಲ. ಅವರು 1912ರಲ್ಲಿ ಹುಟ್ಟಿದ ರಕುನೈ ಹಳ್ಳಿ ಇರೋದು ರಬೌಲ್ ಪಟ್ಟಣದ ಹತ್ತಿರ. 1914ರಿಂದ, 1942ರಲ್ಲಿ ಜಪಾನಿ ಸೈನ್ಯ ಬಂದಿಳಿಯುವವರೆಗೆ, ಆ ಸೀಮೆಯನ್ನು ಆಳಿದ್ದು ನಾವೀಗ ತೆರಿಗೆ ಕಟ್ಟುತ್ತಿರುವ ಇದೇ ಆಸ್ಟ್ರೇಲಿಯಾ.

ಪೀಟರ್ ಪಾದ್ರಿಯಲ್ಲ. ಹೆಂಡತಿ ಮಕ್ಕಳಿದ್ದ ಸಂಸಾರಸ್ಥ, ಊರಿನ ಉಪದೇಶಿ. ಜಪಾನಿಯರು ವಿದೇಶಿ ಪಾದ್ರಿಗಳನ್ನೆಲ್ಲ ಹಿಡಿದು ಶಿಬಿರಕ್ಕೆ ಹಾಕಿದಾಗ ಊರಿನ ಚರ್ಚಿನ ಕೆಲಸ ಪೂರ್ತಿ ಇವರ ತಲೆ ಮೇಲೆ ಬಿತ್ತು. ಮಕ್ಕಳಿಗೆ ದೀಕ್ಷಾಸ್ನಾನ, ಕಾಯಿಲೆಯವರ ಮನೆಗೆ ಹೋಗಿ ಪ್ರಾರ್ಥನೆ, ಮದುವೆಗೆ ಸಾಕ್ಷಿ. ಪ್ರಾರ್ಥನೆಯೇ ನಿಷೇಧವಾದ ಮೇಲೆ ಕದ್ದುಮುಚ್ಚಿ ನಡೆಸಿದರು. ಅಷ್ಟರಲ್ಲಿ ಜಪಾನಿಯರು ಸ್ಥಳೀಯ ಮುಖಂಡರನ್ನು ಒಲಿಸಿಕೊಳ್ಳೋಕೆ, ಒಬ್ಬನಿಗೆ ಹಲವು ಹೆಂಡಿರಿದ್ದರೂ ಸರಿ ಅಂದುಬಿಟ್ಟರು. ಪೀಟರ್ ತಪ್ಪು ಅಂದರು, ಎಲ್ಲರೆದುರೇ. 1945ರಲ್ಲಿ ಬಂಧನವಾಯಿತು.

ನನ್ನನ್ನು ಕಾಡೋದು ಇಲ್ಲಿಂದ ಮುಂದಿನದು. ಹೆಂಡತಿ ಪೌಲಾ ತುಂಬು ಬಸುರಿ. ಮಕ್ಕಳನ್ನು ಕಟ್ಟಿಕೊಂಡು ಊಟ ತಂದವಳು, ಈ ಉಪದೇಶಿ ಕೆಲಸ ಬಿಟ್ಟು ಮನೆಗೆ ಬಾ ಅಂತ ಅಂಗಲಾಚಿದಳು. ಅವರು ಒಪ್ಪಲಿಲ್ಲ. ಮದುವೆಯ ಮಾನ ಉಳಿಸೋಕೆ ಜೈಲಿಗೆ ಹೋದ ಮನುಷ್ಯ, ತನ್ನ ಮದುವೆಯವಳ ಮಾತನ್ನೇ ಕೇಳಲಿಲ್ಲ.

ಕೊನೆಯ ದಿನ, ಜಪಾನಿ ಡಾಕ್ಟರು ಔಷಧಿ ಕೊಡೋಕೆ ಬರ್ತಾರಂತೆ, ನನಗೇನೂ ಕಾಯಿಲೆಯಿಲ್ಲ, ಇದೇನೋ ಮೋಸ ಅಂತ ತಾಯಿಗೆ ಹೇಳಿದ್ದರಂತೆ. ದೇವರ ಮುಂದೆ ಹೋಗೋಕೆ ಒಳ್ಳೆ ಬಟ್ಟೆ ಬೇಕು, ಉಪದೇಶಿಯ ಶಿಲುಬೆ ಬೇಕು ಅಂತ ಹೆಂಡತಿಯನ್ನು ಕೇಳಿದ್ದರು. ವಿಷದ ಇಂಜೆಕ್ಷನ್ ಕೊಟ್ಟು ಕೊಂದರು. ಅದು ಜುಲೈ. ಆಗಸ್ಟ್ 15ಕ್ಕೆ ಜಪಾನ್ ಶರಣಾಯಿತು. ಒಂದು ತಿಂಗಳು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು ಅಂತ ನಾವು ಇಲ್ಲಿ ಕೂತು ಲೆಕ್ಕ ಹಾಕಬಹುದು. ಅವರ ಗೋಡೆಯಲ್ಲಿ ಆ ಕ್ಯಾಲೆಂಡರ್ ಇರಲಿಲ್ಲ.

ನಿಮಗೂ ಹರಿಶ್ಚಂದ್ರ ನೆನಪಾಗಿರಬೇಕು. ಸತ್ಯ ಅವನದು, ಹರಾಜಿಗೆ ನಿಂತವಳು ಚಂದ್ರಮತಿ. ಆದರೆ ಅಲ್ಲಿ ಕೊನೆಗೆ ಈಶ್ವರ ಬಂದು ಎಲ್ಲವನ್ನೂ ಮರಳಿ ಕೊಡುತ್ತಾನೆ. ಪೌಲಾಗೆ ಯಾರೂ ಏನೂ ಮರಳಿ ಕೊಡಲಿಲ್ಲ. ಪೀಟರ್ ಪರವಾಗಿ ಒಂದು ಮಾತು ಹೇಳಬಹುದು: ಅವರು ಸುಮ್ಮನಾಗಿದ್ದರೆ, ಮನೆಗೆ ಸವತಿ ಬರುವ ಭಯದಲ್ಲಿದ್ದ ಊರಿನ ಎಷ್ಟೋ ಹೆಂಗಸರ ಪರ ಇದ್ದ ದನಿಯೂ ಅಡಗುತ್ತಿತ್ತು. ಆ ಹೆಂಗಸರಿಗಾಗಿ ಒಬ್ಬ ಹೆಂಗಸು ವಿಧವೆಯಾದಳು. ಇದನ್ನು ಸರಿ ಅನ್ನೋಕೆ ನನಗೆ ಬಾಯಿ ಬರೋದಿಲ್ಲ, ತಪ್ಪು ಅನ್ನೋಕೂ.

ಅವರ ಜಾಗದಲ್ಲಿ ನಾನಿದ್ದಿದ್ದರೆ ಪೌಲಾ ಬರೋಕೆ ಮುಂಚೆಯೇ ಸುಮ್ಮನಾಗಿರುತ್ತಿದ್ದೆ. ನನ್ನ ಭಯಕ್ಕೆ ಸಂಸಾರ ಅಂತ ಹೆಸರಿಡುತ್ತಿದ್ದೆ. ಮಗಳಿಗೆ ಇದನ್ನೂ ಹೇಳಿದೆ. ಅವಳಿಗೆ ಈ ಉತ್ತರ ಹಿಡಿಸಲಿಲ್ಲ.