ಐಬು ಹೇಳಿ ಮಾರುವುದು

ದನದ ಸಂತೆಯಲ್ಲಿ ಎತ್ತು ಕೊಳ್ಳಲು ಬಂದ ರೈತ ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಇಷ್ಟೆಲ್ಲ ಆದ ಮೇಲೂ ಒಂದು ಮಾತು ಕೇಳಿಯೇ ಕೇಳುತ್ತಾನೆ: ‘ಐಬೇನಾರ ಐತೇನಪಾ?’ ಆ ‘ಐಬು’ ಅರಬಿಯಿಂದ ಹೊರಟು, ಪಾರ್ಸಿ ಉರ್ದುಗಳನ್ನು ಹಾದು ಕನ್ನಡಕ್ಕೆ ಬಂದ ಪದ. ರೈತನಿಗೆ ಅದು ಗೊತ್ತಿರಬೇಕಾಗಿಲ್ಲ. ಮದರಸದಲ್ಲಿ ಫಿಕ್‌ಹ್ ಓದಿದವರಿಗೆ ಅದೇ ಪದ ವ್ಯಾಪಾರದ ಅಧ್ಯಾಯದಲ್ಲಿ ಸಿಗುತ್ತದೆ. ಕೊಂಡ ಮಾಲಿನಲ್ಲಿ ಮೊದಲೇ ಇದ್ದ ಐಬು ಆಮೇಲೆ ಬೆಳಕಿಗೆ ಬಂದರೆ ಸೌದಾ ಮುರಿದು ಹಣ ವಾಪಸ್ ಪಡೆಯುವ ಹಕ್ಕು ಕೊಂಡವನಿಗಿದೆ. ಅದನ್ನು ‘ಖಿಯಾರುಲ್ ಐಬ್’ ಎನ್ನುತ್ತಾರೆ. ಸಂತೆಯ ದಲಾಲಿಗಳು ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ನಾವೆಲ್ಲ ನೋಡಿದ್ದೇವೆ. ಬೆಲೆಗೆ ಟವೆಲಿನ ಮರೆ ಇರಬಹುದು, ಐಬಿಗೆ ಇರಬಾರದು ಎಂಬುದು ಸಂತೆಯ ಧರ್ಮವೂ ಹೌದು, ಶರೀಅತ್ತಿನ ಮಾತೂ ಹೌದು.

ಈ ಮಾತು ಎತ್ತಿಗಿಂತ ಬಹಳ ಸಣ್ಣ ವಸ್ತುವೊಂದರ ವಿಷಯದಲ್ಲಿ ಇಂದು ಪರೀಕ್ಷೆಗೆ ಬಂದಿದೆ. ಕೂಸನ್ನು ಕೂರಿಸಿ ಊಟ ಮಾಡಿಸುವ ಎತ್ತರದ ಕುರ್ಚಿ, ಚಕ್ರದ ವಾಕರ್, ಹಳೆಯ ತೊಟ್ಟಿಲು, ಇವೆಲ್ಲ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಈಗ ಕೈಯಿಂದ ಕೈಗೆ ಮಾರಾಟವಾಗುವ ಮಾಲುಗಳು. ಕೈ ಬದಲಾಯಿಸುವುದು ನಮ್ಮ ಸೀಮೆಗೆ ಹೊಸದೇನಲ್ಲ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, 2018ರಲ್ಲಿ ಮರಳಿ ಬಳ್ಳಾರಿಗೆ ಬಂತು, 2021ರಲ್ಲಿ ಉಳಿದ ನಾಲ್ಕರ ಜೊತೆ ವಿಜಯನಗರ ಜಿಲ್ಲೆಗೆ ಸೇರಿತು. ಊರು ಯಾವ ಜಿಲ್ಲೆಗೆ ಹೋದರೂ ಅದರ ಗುಣದೋಷ ಕಾಗದದಲ್ಲಿರುತ್ತದೆ. ಕೂಸಿನ ಕುರ್ಚಿಯ ಗುಣದೋಷ ಮಾತ್ರ ಮಾರುವವನ ನಾಲಿಗೆಯ ಮೇಲಿರುತ್ತದೆ. ಅವನು ಅದನ್ನು ಹೇಳಲೇಬೇಕೆ? ಕೇಳದಿದ್ದರೂ ಹೇಳಬೇಕೆ? ನಮ್ಮ ಪ್ರಶ್ನೆ ಇದು.

ಹಿಂದೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ತೊಟ್ಟಿಲು ತವರಿನಿಂದ ಬರುತ್ತಿತ್ತು. ಅನುಕೂಲಸ್ಥರು ಕಲಘಟಗಿಯ ಬಣ್ಣದ ತೊಟ್ಟಿಲು ತರಿಸುತ್ತಿದ್ದರು. ಇಲ್ಲದವರು ತೊಲೆಗೆ ಸೀರೆಯ ಜೋಳಿಗೆ ಕಟ್ಟುತ್ತಿದ್ದರು. ಕಬ್ಬು ಕಡಿಯಲು ಗುಳೆ ಹೋಗುವ ತಾಂಡಾದ ತಾಯಂದಿರು ಇಂದಿಗೂ ಗಿಡದ ಕೊಂಬೆಗೆ ಕಟ್ಟುವುದು ಅದನ್ನೇ. ಒಂದು ತೊಟ್ಟಿಲು ಓಣಿಯ ಹತ್ತು ಮನೆ ತಿರುಗಿ ಬರುತ್ತಿತ್ತು. ಮುಸಲ್ಮಾನರ ಮನೆಯ ಝೂಲಾದಲ್ಲಿ ಪಕ್ಕದ ಮನೆಯ ಲಿಂಗಾಯತರ ಕೂಸು ಮಲಗುವುದು ಸುದ್ದಿಯಾಗುತ್ತಿರಲಿಲ್ಲ. ಕೊಡುವ ಹೆಂಗಸು ‘ಯವ್ವಾ, ಎಡಗಡೆ ಕೊಂಡಿ ಸಡ್ಲ ಐತಿ, ಬಡಗೇರ ಕಡೆ ತೋರಿಸ್ಕೋ’ ಎಂದು ಹೇಳಿಯೇ ಕೊಡುತ್ತಿದ್ದಳು. ನಾಳೆ ಬೆಳಿಗ್ಗೆ ನೀರಿಗೆ ಹೋದಾಗ ಇಬ್ಬರೂ ಮುಖಾಮುಖಿಯಾಗಬೇಕಲ್ಲ. ಆ ನೆರೆಹೊರೆಯೇ ಆಗಿನ ಗ್ಯಾರಂಟಿ ಕಾರ್ಡು.

ಈಗಿನ ಕುರ್ಚಿಯ ದಾರಿ ಬೇರೆ. ನೆಲದ ಮೇಲೆ ದಸ್ತರಖಾನ್ ಹಾಸಿ, ಇಲ್ಲವೇ ಮಣೆ ಹಾಕಿ ಉಣ್ಣುವ ಮನೆಗಳಲ್ಲಿ ಕೂಸಿಗೆ ತಾಯಿಯ ತೊಡೆಯೇ ಕುರ್ಚಿಯಾಗಿತ್ತು. ಡೈನಿಂಗ್ ಟೇಬಲ್ಲಿನ ಹಿಂದೆಯೇ ಎತ್ತರದ ಕುರ್ಚಿಯೂ ಬಂತು. ಅದರ ಬಳಕೆ ಕೂಸು ತಾನಾಗಿ ಕೂರುವ ಆರನೇ ತಿಂಗಳಿನಿಂದ ಹೆಚ್ಚೆಂದರೆ ಎರಡು ಮೂರು ವರ್ಷ. ಬೆಂಗಳೂರಿನಲ್ಲಿ ಕೊಂಡವರು ರಜೆಗೆ ಬಂದಾಗ ಊರಿನ ತಂಗಿಗೆ ಕೊಟ್ಟು ಹೋಗುತ್ತಾರೆ. ತಂಗಿಯ ಕೂಸು ಬೆಳೆದ ಮೇಲೆ ಅದು ಮಾಳಿಗೆ ಹತ್ತುತ್ತದೆ. ನಮ್ಮ ಸೀಮೆಯ ಬಿಸಿಲಿಗೆ ಎರಡು ಬೇಸಿಗೆ ಒಡ್ಡಿಕೊಂಡ ಪ್ಲಾಸ್ಟಿಕ್ ನೋಡಲು ಗಟ್ಟಿಯಾಗಿಯೇ ಇರುತ್ತದೆ, ಒಳಗೆ ಹಪ್ಪಳದಂತಾಗಿರುತ್ತದೆ. ಬೆಲ್ಟನ್ನು ಯಾರೋ ಬೇರೆ ಕೆಲಸಕ್ಕೆ ಕತ್ತರಿಸಿಕೊಂಡಿರುತ್ತಾರೆ. ಅಲ್ಲಿಂದ ಅದು ಗುಜರಿ ಗಾಡಿಗೆ ಬೀಳುತ್ತದೆ, ಇಲ್ಲವೇ ಫೋಟೋ ಆಗಿ ವಾಟ್ಸಾಪ್ ಹತ್ತುತ್ತದೆ.

ಹೀಗೊಂದು ವ್ಯಾಪಾರ ನಡೆಯಿತೆನ್ನೋಣ.

‘ಎಷ್ಟಕ್ಕ ಕೊಡ್ತೀರಿ ಸಾಬ್ರೇ?’

‘ಇನ್ನೂರು ಕೊಡಕ್ಕಾ. ಹೊಸಾದು ತಗೊಂಡ್ರ ಸಾವ್ರಗಟ್ಲೆ ಆಗ್ತೈತಿ.’

‘ಬೆಲ್ಟ್ ಇಲ್ಲಲ್ರೀ?’

‘ಹಗ್ಗ ಕಟ್ಕೊಳ್ರಿ, ನಡೀತೈತಿ.’

ಕುರ್ಚಿಯ ಹಿಂಗಾಲಿನ ಕೀಲಿನಲ್ಲಿ ಬಿರುಕಿದೆ. ಅದಕ್ಕೆ ಅಂಟು ಹಾಕಿ, ಮೇಲೆ ಒಂದು ಬೊಂಬೆಯ ಸ್ಟಿಕ್ಕರ್ ಹಚ್ಚಲಾಗಿದೆ. ಅಕ್ಕ ಅದನ್ನು ಕೇಳಲಿಲ್ಲ, ಸಾಹೇಬರು ಹೇಳಲಿಲ್ಲ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಹಾಗಾದರೆ ಮೋಸ ನಡೆಯಿತೆ, ಇಲ್ಲವೆ?

ಈ ಪ್ರಶ್ನೆಗೆ ಎರಡು ಸಾವಿರ ವರ್ಷ ದಾಟಿದ ಇತಿಹಾಸವಿದೆ. ರೋಮಿನ ಸಿಸೆರೊ ಕ್ರಿ.ಪೂ. 44ರಲ್ಲಿ ಮಗನಿಗಾಗಿ ಬರೆದ ಕರ್ತವ್ಯಗಳನ್ನು ಕುರಿತ ಪುಸ್ತಕದಲ್ಲಿ ಡಯೋಜನೀಸ್ ಮತ್ತು ಆಂಟಿಪೇಟರ್ ಎಂಬ ಇಬ್ಬರು ಚಿಂತಕರ ಜಗಳವನ್ನು ವಿವರಿಸುತ್ತಾನೆ. ಒಬ್ಬ ತನ್ನ ಹುಳುಕು ಮನೆಯನ್ನು ಹುಳುಕು ಹೇಳದೆ ಮಾರುತ್ತಾನೆ. ಸುಮ್ಮನಿರುವುದೇ ಬೇರೆ, ಮುಚ್ಚಿಡುವುದೇ ಬೇರೆ, ಕೊಳ್ಳುವವನಿಗೂ ಬುದ್ಧಿ ಇದೆಯಲ್ಲ ಎಂಬುದು ಡಯೋಜನೀಸನ ವಾದ. ದಾರಿ ತಪ್ಪಿದವನಿಗೆ ದಾರಿ ತೋರಿಸದಿರುವುದಕ್ಕಿಂತಲೂ ಇದು ಕೀಳು, ಏಕೆಂದರೆ ಇಲ್ಲಿ ತಿಳಿದೂ ತಿಳಿದೂ ಇನ್ನೊಬ್ಬನನ್ನು ತಪ್ಪಿಗೆ ಕಳಿಸುತ್ತಿದ್ದೇವೆ ಎಂಬುದು ಆಂಟಿಪೇಟರನ ವಾದ. ಸಿಸೆರೊ ನಿಂತದ್ದು ಆಂಟಿಪೇಟರನ ಕಡೆಗೆ.

ನಮ್ಮ ದೇಶದ 1872ರ ಕರಾರು ಕಾಯ್ದೆಯ 17ನೇ ಕಲಮಿನಲ್ಲಿ ಒಂದು ಸ್ವಾರಸ್ಯಕರ ಉದಾಹರಣೆ ಇದೆ. ಒಬ್ಬ ತನ್ನ ರೋಗದ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ, ರೋಗದ ವಿಷಯ ಬಾಯಿ ಬಿಡುವುದಿಲ್ಲ. ಇದು ವಂಚನೆಯಲ್ಲ ಎನ್ನುತ್ತದೆ ಕಾಯ್ದೆ. ಆದರೆ ಅದರ ಬೆನ್ನಿಗೇ ಇನ್ನೊಂದು ಉದಾಹರಣೆ ಬರುತ್ತದೆ: ಕೊಳ್ಳುವವಳು ಅವನ ಸ್ವಂತ ಮಗಳು, ಆಗ ತಾನೆ ಪ್ರಾಯಕ್ಕೆ ಬಂದವಳು ಎಂದಾದರೆ ಹೇಳುವುದು ಅವನ ಕರ್ತವ್ಯ. ಅಂದರೆ ಕಾಯ್ದೆಯೂ ಒಪ್ಪುವುದೇನೆಂದರೆ, ಮೌನ ಯಾವಾಗ ವಂಚನೆಯಾಗುತ್ತದೆ ಎಂಬುದನ್ನು ಸಂಬಂಧ ನಿರ್ಧರಿಸುತ್ತದೆ. ಹಿಂದೆ ನಮ್ಮ ಓಣಿಗಳಲ್ಲಿ ಪ್ರತಿಯೊಬ್ಬ ಬಾಣಂತಿಯೂ ಊರಿನ ಮಗಳಾಗಿದ್ದಳು. ಈಗ ಅವಳು ಗಿರಾಕಿ.

ಇಸ್ಲಾಮಿನ ಉತ್ತರಕ್ಕೆ ಇಷ್ಟು ಸುತ್ತು ಬೇಕಿಲ್ಲ. ಪ್ರವಾದಿ ಮುಹಮ್ಮದ್(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಕೈ ಹಾಕಿದರು; ಬೆರಳಿಗೆ ತೇವ ತಾಗಿತು. ಮಳೆಗೆ ನೆನೆದದ್ದು ಎಂದ ವ್ಯಾಪಾರಿ. ಹಾಗಾದರೆ ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲ ಎಂದು ಕೇಳಿದ ಅವರು, ಮೋಸ ಮಾಡುವವನು ನಮ್ಮವನಲ್ಲ ಎಂಬರ್ಥದ ಮಾತು ಹೇಳಿದರು. ಆ ವ್ಯಾಪಾರಿಯೂ ಸುಳ್ಳು ಹೇಳಿರಲಿಲ್ಲ ಎಂಬುದನ್ನು ಗಮನಿಸಬೇಕು. ಒಣಗಿದ್ದು ಮೇಲೆ, ನೆನೆದದ್ದು ಕೆಳಗೆ ಇತ್ತು, ಅಷ್ಟೆ. ಬಿರುಕಿನ ಮೇಲಿನ ಸ್ಟಿಕ್ಕರ್ ಮಾಡುವ ಕೆಲಸವೂ ಅದೇ. ಇಮಾಮ್ ಅಬೂ ಹನೀಫಾ(ರ) ಬಟ್ಟೆ ವ್ಯಾಪಾರಿಯಾಗಿದ್ದರು. ಐಬಿದ್ದ ಬಟ್ಟೆಯೊಂದನ್ನು ಐಬು ಹೇಳಿ ಮಾರುವಂತೆ ಪಾಲುದಾರನಿಗೆ ತಿಳಿಸಿದ್ದರು. ಅವನು ಮರೆತು ಮಾರಿಬಿಟ್ಟ, ಕೊಂಡವನು ಯಾರೆಂದೂ ತಿಳಿಯಲಿಲ್ಲ. ಇಮಾಮರು ಆ ಹಣವನ್ನೆಲ್ಲ ದಾನ ಮಾಡಿದರೆಂಬ ವರದಿ ಪ್ರಸಿದ್ಧವಾಗಿದೆ.

ಆದರೆ ಕುರ್ಚಿಯ ವಿಷಯದಲ್ಲಿ ಧಾನ್ಯಕ್ಕೂ ಬಟ್ಟೆಗೂ ಇಲ್ಲದ ಒಂದು ತೊಡಕಿದೆ. ಕುದುರೆ ಕೊಂಡವನೇ ಕುದುರೆ ಹತ್ತುತ್ತಾನೆ, ಬಿದ್ದರೆ ಅವನೇ ಬೀಳುತ್ತಾನೆ. ಕುರ್ಚಿ ಕೊಂಡವರು ಕುರ್ಚಿಯಲ್ಲಿ ಕೂರುವುದಿಲ್ಲ. ಕೂರುವ ಕೂಸು ಚೌಕಾಶಿ ಮಾಡಿಲ್ಲ, ಒಪ್ಪಿಗೆ ಕೊಟ್ಟಿಲ್ಲ, ‘ಐಬೈತೇನು’ ಎಂದು ಕೇಳಲು ಅದಕ್ಕೆ ಮಾತೇ ಬಂದಿಲ್ಲ. ‘ಕೊಳ್ಳುವವನು ಎಚ್ಚರವಾಗಿರಲಿ’ ಎಂಬ ಹಳೆಯ ವ್ಯಾಪಾರಸೂತ್ರವನ್ನು ತೊದಲು ನುಡಿಯೂ ಬಾರದ ಜೀವಕ್ಕೆ ಅನ್ವಯಿಸುವುದು ಹೇಗೆ? ಕೆಲವರು ‘ಇದ್ದಂಗ ತಗೊಳ್ರಿ, ಆಮೇಲೆ ಕೇಳಬ್ಯಾಡ್ರಿ’ ಎಂದು ಮೊದಲೇ ಹೇಳಿ ಕೈ ತೊಳೆದುಕೊಳ್ಳುತ್ತಾರೆ. ಈ ಷರತ್ತಿನ ಬಗ್ಗೆ ಉಲಮಾಗಳಲ್ಲೂ ಭಿನ್ನಾಭಿಪ್ರಾಯವಿದೆ. ಹನಫಿಗಳು ಅಂಥ ಸೌದಾವನ್ನು ಊರ್ಜಿತವೆನ್ನುತ್ತಾರೆ. ಮಾರುವವನಿಗೆ ಗೊತ್ತಿದ್ದ ಐಬಿಗೆ ಈ ಷರತ್ತು ರಕ್ಷಣೆಯಾಗದು ಎನ್ನುವವರೂ ಇದ್ದಾರೆ. ನಮ್ಮ ಕಡೆ ಹೆಚ್ಚಿನವರು ಹನಫಿಗಳೇ. ಆದರೂ ಇಬ್ಬರು ದೊಡ್ಡವರ ನಡುವಿನ ಕರಾರು ಹಣದ ಲೆಕ್ಕವನ್ನು ಚುಕ್ತಾ ಮಾಡಬಹುದೇ ಹೊರತು ಮೂರನೆಯ ಜೀವದ ಲೆಕ್ಕವನ್ನಲ್ಲ ಎಂದು ನಮಗೆ ಅನಿಸುತ್ತದೆ. ಯಾರಿಗೂ ಹಾನಿ ಮಾಡಬಾರದೆಂಬ ಪ್ರವಾದಿವಚನ ಕರಾರಿಗಿಂತ ದೊಡ್ಡದು.

ಒಂದು ಕುರ್ಚಿಗೆ ಇಷ್ಟೊಂದು ಮಾತೇ ಎನ್ನುವವರು ಕೆಲವು ಅಂಕಿಗಳನ್ನು ನೋಡಬೇಕು. ಅಮೆರಿಕದಲ್ಲಿ 2003ರಿಂದ 2010ರವರೆಗೆ ಎತ್ತರದ ಕುರ್ಚಿಗಳಿಂದ ಗಾಯಗೊಂಡು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದ ಮೂರು ವರ್ಷದೊಳಗಿನ ಮಕ್ಕಳು ವರ್ಷಕ್ಕೆ ಸರಾಸರಿ 9,400ಕ್ಕೂ ಹೆಚ್ಚು ಎಂದು ಅಧ್ಯಯನವೊಂದು ಅಂದಾಜು ಮಾಡಿದೆ. ಅಂದರೆ ಗಂಟೆಗೊಂದು ಕೂಸು. ಬಹುಪಾಲು ಬಿದ್ದು ಆದ ಗಾಯಗಳು. ವಾಕರ್‌ನ ಕಥೆ ಇನ್ನೂ ಕೆಟ್ಟದ್ದು. ಅದೇ ದೇಶದಲ್ಲಿ 1990ರಿಂದ 2014ರವರೆಗೆ ಸುಮಾರು 2 ಲಕ್ಷ 30 ಸಾವಿರ ಕೂಸುಗಳು ಅದರಿಂದ ಗಾಯಗೊಂಡವು, ಹೆಚ್ಚಿನವು ಮೆಟ್ಟಿಲಿನಿಂದ ಉರುಳಿ. ಕೆನಡಾ 2004ರ ಏಪ್ರಿಲ್‌ನಲ್ಲಿ ವಾಕರನ್ನೇ ನಿಷೇಧಿಸಿತು. ಹಳೆಯದನ್ನು ಮನೆಯಂಗಳದಲ್ಲಿಟ್ಟು ಮಾರುವುದು ಕೂಡ ಅಲ್ಲಿ ಅಪರಾಧ. ಅಮೆರಿಕದಲ್ಲಿ ಕಂಪನಿ ವಾಪಸ್ ಕರೆಸಿಕೊಂಡ ಮಾಲನ್ನು ಸೆಕೆಂಡ್ ಹ್ಯಾಂಡ್ ಆಗಿ ಮಾರುವುದಕ್ಕೂ 2008ರ ಕಾಯ್ದೆ ತಡೆ ಹಾಕಿದೆ. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಅಪಾಯಕಾರಿ ಮಾಲನ್ನು ವಾಪಸ್ ಕರೆಸುವ ಅಧಿಕಾರವನ್ನು ಕೇಂದ್ರ ಪ್ರಾಧಿಕಾರಕ್ಕೆ ಕೊಟ್ಟಿದೆ. ಆದರೆ ಮಾಳಿಗೆಯಿಂದ ಇಳಿದು ಗುಜರಿ ಗಾಡಿ ಹತ್ತುವ ಕುರ್ಚಿಯವರೆಗೆ ದಿಲ್ಲಿಯ ಕಣ್ಣು ತಲುಪುವುದು ಕಷ್ಟ. ಅಲ್ಲಿ ಕಾಯುವವರು ಇಬ್ಬರೇ: ಮಾರುವವನ ಇಮಾನು, ಕೊಳ್ಳುವವರ ಕಣ್ಣು.

ಕೊಳ್ಳುವವರು ನೋಡಬೇಕಾದದ್ದು ಹೆಚ್ಚೇನಿಲ್ಲ. ಖಾಲಿ ಕುರ್ಚಿಯನ್ನು ನಾಲ್ಕೂ ಕಡೆಯಿಂದ ಒತ್ತಿ ಅಲುಗಾಡಿಸಬೇಕು. ಕಾಲುಗಳು ಅಗಲವಾಗಿ ನೆಲ ಹಿಡಿದಿರಬೇಕು. ಮಡಚುವ ಕುರ್ಚಿಯಾದರೆ ಲಾಕು ಬಿದ್ದ ಮೇಲೆ ಎಳೆದರೂ ಮಡಚಬಾರದು. ತಟ್ಟೆಯ ಹಿಡಿಕೆ ಗಟ್ಟಿಯಾಗಿರಬೇಕು. ಸೊಂಟದ ಪಟ್ಟಿಯ ಜೊತೆಗೆ ಎರಡು ಕಾಲುಗಳ ನಡುವೆ ಹಾಯುವ ಪಟ್ಟಿ ಇರಲೇಬೇಕು. ಅದಿಲ್ಲದಿದ್ದರೆ ಕೂಸು ಕೆಳಕ್ಕೆ ಜಾರಿ, ಕುತ್ತಿಗೆ ತಟ್ಟೆಗೋ ಪಟ್ಟಿಗೋ ಸಿಕ್ಕಿಹಾಕಿಕೊಳ್ಳಬಹುದು. ‘ಹಗ್ಗ ಕಟ್ಕೊಳ್ರಿ’ ಎಂಬ ಮಾತು ಅಪಾಯಕಾರಿ ಎನ್ನುವುದು ಇದಕ್ಕೇ. ಹಳೆಯ ಮರದ ಸಾಮಾನಿನಲ್ಲಿ ಏಳುತ್ತಿರುವ ಬಣ್ಣವನ್ನೂ ನೋಡಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಎನಾಮಲ್ ಬಣ್ಣದ ತೊಟ್ಟಿಲಿನ ಅಂಚನ್ನು ಹಲ್ಲು ಮೂಡುವ ಕೂಸು ಕಚ್ಚದೆ ಬಿಡುವುದಿಲ್ಲ.

ಬಡವರು ಹೊಸದೆಲ್ಲಿಂದ ತರಬೇಕು, ಹಳೆಯದಕ್ಕೂ ನೂರೆಂಟು ಷರತ್ತು ಹಾಕಿದರೆ ಅವರ ಗತಿಯೇನು ಎಂಬ ಆಕ್ಷೇಪಣೆ ಬರುತ್ತದೆ. ನ್ಯಾಯವಾದ ಆಕ್ಷೇಪಣೆಯೇ. ಹಳೆಯದನ್ನು ಮಾರಬೇಡಿ ಎಂದು ನಾವೂ ಹೇಳುತ್ತಿಲ್ಲ. ಐಬು ಹೇಳಿ ಮಾರಿ ಎನ್ನುತ್ತಿದ್ದೇವೆ. ಐಬು ಹೇಳಿದರೆ ಬೆಲೆ ಇಳಿಯುತ್ತದೆ, ಅದರ ಲಾಭ ಬಡವರಿಗೇ. ಸಡಿಲಾದ ಬೋಲ್ಟನ್ನು ಹತ್ತಿರದ ವೆಲ್ಡಿಂಗ್ ಅಂಗಡಿಯಲ್ಲಿ ಬಿಗಿ ಮಾಡಿಸಬಹುದು, ಪಟ್ಟಿಯನ್ನು ಚೀಲ ಹೊಲಿಯುವವರಿಂದ ಹೊಲಿಸಬಹುದು. ಐಬು ಗೊತ್ತಿದ್ದರೆ ರಿಪೇರಿ, ಗೊತ್ತಿಲ್ಲದಿದ್ದರೆ ಆಸ್ಪತ್ರೆ. ಮುಚ್ಚಿಟ್ಟ ಐಬಿನ ಖರ್ಚನ್ನು ಕೊನೆಗೆ ಹೊರುವವನೂ ಬಡವನೇ. ಮಾರುವವನು ಬಾಯಿ ತುಂಬ ವಿವರಿಸಬೇಕಾಗಿಲ್ಲ. ಎಷ್ಟು ವರ್ಷದ್ದು, ಎಲ್ಲಿ ಇಟ್ಟಿದ್ದು, ಎಲ್ಲಿ ಮುರಿದು ಜೋಡಿಸಿದ್ದು, ಏನು ಇಲ್ಲ ಎಂಬ ನಾಲ್ಕು ಮಾತು ಸಾಕು. ಗುಜರಿಯವನಿಗೆ ಆ ಚರಿತ್ರೆ ಗೊತ್ತಿಲ್ಲದಿದ್ದರೆ ‘ನನಗ ಗೊತ್ತಿಲ್ಲಕ್ಕಾ, ನೋಡಿ ತಗೋರಿ’ ಎನ್ನುವುದೂ ಸತ್ಯವೇ. ಗೊತ್ತಿದ್ದೂ ಹಾಗೆನ್ನುವುದು ಮಾತ್ರ ಸುಳ್ಳು.

ಪುಕ್ಕಟೆ ಕೊಡುವವರಿಗೂ ಈ ಮಾತು ಅನ್ವಯಿಸುತ್ತದೆ. ರಮಝಾನ್ ಹತ್ತಿರ ಬಂದಾಗ ಮನೆಯ ಹಳೆಯ ಸಾಮಾನನ್ನೆಲ್ಲ ಕೆಲಸದವಳಿಗೆ ಕೊಟ್ಟು ಪುಣ್ಯ ಕಟ್ಟಿಕೊಳ್ಳುವವರಿದ್ದಾರೆ. ನಾವೇ ಕಣ್ಣು ಮುಚ್ಚಿಕೊಳ್ಳದೆ ಸ್ವೀಕರಿಸಲಾಗದಂಥ ಕೆಟ್ಟ ವಸ್ತುವನ್ನು ದಾನಕ್ಕೆ ಆರಿಸಬಾರದೆಂದು ಕುರ್‌ಆನ್ ಎರಡನೇ ಅಧ್ಯಾಯದಲ್ಲಿ ಎಚ್ಚರಿಸುತ್ತದೆ. ನಮ್ಮ ಮೊಮ್ಮಗುವನ್ನು ಕೂರಿಸಲು ಹೆದರುವ ಕುರ್ಚಿಯಲ್ಲಿ ಕೆಲಸದವಳ ಕೂಸನ್ನು ಕೂರಿಸುವುದು ದಾನವಲ್ಲ, ಮನೆ ಖಾಲಿ ಮಾಡುವ ಉಪಾಯ.

ಕೊಳ್ಳುವವನಿಗೂ ಧರ್ಮವಿದೆ. ಪ್ರವಾದಿವರ್ಯರ(ಸ) ಸಂಗಾತಿ ಜರೀರ್ ಬಿನ್ ಅಬ್ದುಲ್ಲಾ(ರ) ಅವರಿಗಾಗಿ ಮುನ್ನೂರು ದಿರ್ಹಮಿಗೆ ಒಂದು ಕುದುರೆಯ ಸೌದಾ ಆಗಿತ್ತು. ಕುದುರೆಯನ್ನು ನೋಡಿದ ಅವರು ಇದು ಹೆಚ್ಚು ಬಾಳುತ್ತದೆ ಎಂದು ಹೇಳಿ, ತಾವೇ ಏರಿಸುತ್ತಾ ಹೋಗಿ ಎಂಟುನೂರು ಕೊಟ್ಟರೆಂಬ ವರದಿ ಇದೆ. ನಮ್ಮ ಊರುಗಳಲ್ಲಿ ಗುಜರಿ ವ್ಯಾಪಾರ ಮಾಡುವವರಲ್ಲಿ ನಮ್ಮವರೇ ಬಹಳ ಮಂದಿ. ಬಿಸಿಲಲ್ಲಿ ಗಾಡಿ ತಳ್ಳಿ ದುಡಿಯುವ ಆ ರೊಟ್ಟಿ ಹಲಾಲಾದದ್ದು, ಗೌರವದ್ದು. ಒಬ್ಬಂಟಿ ಮುದುಕಿಯೊಬ್ಬಳು ಅಟ್ಟದ ಮೇಲಿನ ಸಾಗುವಾನಿ ತೊಟ್ಟಿಲನ್ನು ಸೌದೆಯ ಬೆಲೆಗೆ ಕೊಡಲು ಹೊರಟಾಗ, ‘ಅಜ್ಜೀ, ಇದು ಸೌದೆ ಅಲ್ಲ’ ಎಂದು ಹೇಳುವ ಗಾಡಿಯವನು ಜರೀರರ ಸಾಲಿನಲ್ಲಿ ನಿಲ್ಲುತ್ತಾನೆ.

ಕೊನೆಗೆ ಉಳಿಯುವುದು ರಿಪೇರಿಯಾಗದ ಕುರ್ಚಿ. ಎಸೆದರೆ ಇಸ್ರಾಫ್, ದುಂದುಗಾರಿಕೆ ಎಂದು ಕೆಲವರು ಅಳುಕುತ್ತಾರೆ. ಲಾಭ ಗಳಿಸುವುದಕ್ಕಿಂತ ಕೇಡು ತಪ್ಪಿಸುವುದು ಮೊದಲು ಎಂಬುದು ಫಿಕ್‌ಹ್‌ನ ಪ್ರಸಿದ್ಧ ಸೂತ್ರ. ಅಂಥ ಕುರ್ಚಿಯ ಕಾಲು ಮುರಿದು, ಪಟ್ಟಿ ಕತ್ತರಿಸಿ, ಇನ್ನು ಯಾರೂ ಕೂಸು ಕೂರಿಸಲಾಗದಂತೆ ಮಾಡಿ ಗುಜರಿಗೆ ತೂಕಕ್ಕೆ ಹಾಕಬೇಕು. ಕಿಲೋ ಲೆಕ್ಕದಲ್ಲಿ ಹತ್ತಿಪ್ಪತ್ತು ರೂಪಾಯಿ ಬಂದೀತು. ಕುರ್ಚಿಯೆಂದು ಮಾರಿದ್ದರೆ ಇನ್ನೂರು ಬರುತ್ತಿತ್ತು. ನಡುವಿನ ಆ ನೂರೆಂಬತ್ತು ರೂಪಾಯಿ ನಾವೆಂದೂ ಮುಖ ನೋಡದ ಒಂದು ಕೂಸಿಗೆ ಸಲ್ಲಬೇಕಾದ ಹಕ್ಕು. ಅದನ್ನು ಕೊಟ್ಟೆವೋ ಇಲ್ಲವೋ ಎಂದು ಕೇಳಲು ಆ ಕೂಸು ಬರುವುದಿಲ್ಲ. ಕೇಳುವವನು ಬೇರೆ ಇದ್ದಾನೆ.