ಉಪವಾಸವಲ್ಲ, ಕಾಯಿಲೆ



ಯಾಯೀರನ ಹನ್ನೆರಡು ವರ್ಷದ ಮಗಳನ್ನು ಪ್ರಭು ಯೇಸು ಸಾವಿನಿಂದ ಎಬ್ಬಿಸಿದ ಪ್ರಸಂಗ ನಿಮಗೆಲ್ಲ ಗೊತ್ತು. ಅದರ ಕೊನೆಯ ಮಾತನ್ನು ಮಾತ್ರ ನಾವು ಅಷ್ಟಾಗಿ ಗಮನಿಸುವುದಿಲ್ಲ. ಎಲ್ಲರೂ ಬೆರಗಾಗಿ ನಿಂತಿದ್ದಾಗ, ಮಗುವಿಗೆ ತಿನ್ನಲು ಏನಾದರೂ ಕೊಡುವಂತೆ ಪ್ರಭು ಹೇಳುತ್ತಾರೆ (ಮಾರ್ಕ 5:43). ಜೀವ ಕೊಟ್ಟವರು ಪ್ರಭು. ಉಣಿಸುವ ಹೊಣೆ ಮನೆಯವರದು.

ಈ ಮಾತು ನನ್ನನ್ನು ಚುಚ್ಚುತ್ತದೆ. ಕೆಲವು ವರ್ಷಗಳ ಹಿಂದೆ, ತಪಸ್ಸು ಕಾಲದ ನಲವತ್ತು ದಿನವೂ ಒಪ್ಪೊತ್ತು ಉಣ್ಣುತ್ತಿದ್ದ ಹುಡುಗಿಯೊಬ್ಬಳನ್ನು ಧರ್ಮೋಪದೇಶದ ತರಗತಿಯಲ್ಲಿ ಎಲ್ಲರೆದುರು ಹೊಗಳಿದೆ. ಪಾಸ್ಕ ಹಬ್ಬ ಕಳೆದರೂ ಅವಳ ಉಪವಾಸ ಮುಗಿಯಲಿಲ್ಲ. ತಟ್ಟೆಯ ಅನ್ನವನ್ನು ಆಚೀಚೆ ಸರಿಸಿ ಏಳುತ್ತಾಳೆ, ಮುಟ್ಟು ನಿಂತಿದೆ, ಕಡ್ಡಿಯಂತಾಗಿದ್ದರೂ ತಾನು ದಪ್ಪವೆಂದು ಅಳುತ್ತಾಳೆ ಎಂದು ತಾಯಿ ಬಂದು ಕಣ್ಣೀರಿಟ್ಟಾಗ ನನ್ನ ತಪ್ಪು ತಿಳಿಯಿತು. ಕಾಯಿಲೆಯನ್ನು ನಾನು ಭಕ್ತಿಯೆಂದು ಭಾವಿಸಿದ್ದೆ.

ಅದು ಅನೊರೆಕ್ಸಿಯಾ. 1870ರ ದಶಕದಲ್ಲೇ ಲಂಡನ್ನಿನ ವೈದ್ಯ ಸರ್ ವಿಲಿಯಂ ಗಲ್ ಅದನ್ನು ಗುರುತಿಸಿ ಬರೆದಿದ್ದರು. ಬುಲಿಮಿಯಾ ಎಂಬುದು ಇನ್ನೊಂದು: ತಡೆಯಲಾಗದೆ ಅತಿಯಾಗಿ ತಿಂದು, ಬಳಿಕ ಗುಟ್ಟಾಗಿ ವಾಂತಿ ಮಾಡಿಕೊಳ್ಳುವುದು. ತೂಕ ಇಳಿಯದೆಯೂ ಇರಬಹುದಾದ್ದರಿಂದ ಮನೆಯವರಿಗೆ ಸುಳಿವು ಸಿಗುವುದಿಲ್ಲ. ಆದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಬಡಿತವೇ ಏರುಪೇರಾಗಬಹುದು. ಗಂಡುಮಕ್ಕಳಿಗೂ ಇವು ಬರುತ್ತವೆ. ಇದು ಹಟವಲ್ಲ, ದೆವ್ವದ ಕಾಟವಲ್ಲ, ತಂದೆತಾಯಿಯ ಪಾಪದ ಫಲವೂ ಅಲ್ಲ. ವಂಶದ ಒಲವು, ಮನಸ್ಸಿನ ಸ್ವಭಾವ, ಸುತ್ತಲಿನವರ ಮಾತು, ಹಲವು ಕಾರಣಗಳು ಸೇರಿ ಬರುವ ರೋಗ.

ಸಿಯೆನಾದ ಸಂತ ಕ್ಯಾಥರಿನ್ ಉಣ್ಣದೆ ಇದ್ದರಲ್ಲ ಎಂದು ಕೇಳುವಿರಾ? ಎಲ್ಲರಂತೆ ಊಟ ಮಾಡುವ ವರ ಕೊಡೆಂದು ತಾವು ದೇವರಲ್ಲಿ ಬೇಡುತ್ತಿರುವುದಾಗಿ ಅವರೇ ಪತ್ರವೊಂದರಲ್ಲಿ ಬರೆದಿದ್ದಾರೆ. ಉಣ್ಣಲಾಗದ್ದನ್ನು ಅವರು ಹೆಮ್ಮೆಯೆಂದು ಎಣಿಸಲಿಲ್ಲ. 1380ರಲ್ಲಿ, 33ನೆಯ ವಯಸ್ಸಿಗೇ ತೀರಿಕೊಂಡರು. ಧರ್ಮಸಭೆಯ ಕಾನೂನು (1252) 18 ತುಂಬದವರ ಮೇಲೆ ಉಪವಾಸದ ವಿಧಿಯನ್ನೇ ಹೊರಿಸಿಲ್ಲ; ರೋಗಿಗಳಿಗೂ ವಿನಾಯಿತಿ ಉಂಟು.

ಚಿಕಿತ್ಸೆ ದೇಹದಿಂದ ಆರಂಭವಾಗಬೇಕು: ತೂಕ, ನಾಡಿ, ರಕ್ತಪರೀಕ್ಷೆ. ತೀರಾ ಸೊರಗಿದವರಿಗೆ ಒಮ್ಮೆಲೇ ಹೊಟ್ಟೆ ತುಂಬ ಉಣಿಸುವುದು ಅಪಾಯ. ವೈದ್ಯರ ಕಣ್ಣೆದುರಲ್ಲೇ ಆಹಾರವನ್ನು ಮೆಲ್ಲಗೆ ಹೆಚ್ಚಿಸಬೇಕು. ಹದಿಹರೆಯದವರಿಗೆ 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ರೂಪುಗೊಂಡ ಕ್ರಮ ಒಳ್ಳೆಯ ಫಲ ನೀಡಿದೆ. ಏನು, ಎಷ್ಟು ಉಣ್ಣಬೇಕೆಂದು ಮೊದಲು ತಂದೆತಾಯಿಯೇ ನಿರ್ಧರಿಸಿ, ಬೈಯದೆ, ಪ್ರತಿ ಊಟಕ್ಕೂ ಜೊತೆಗೆ ಕೂರುತ್ತಾರೆ. ತೂಕ ಕೂಡಿದಂತೆ ಆ ಹೊಣೆಯನ್ನು ಮಗುವಿಗೇ ಹಿಂದಿರುಗಿಸುತ್ತಾರೆ. ಬುಲಿಮಿಯಾಕ್ಕೆ ಯೋಚನೆಯನ್ನೂ ಊಟದ ರೂಢಿಯನ್ನೂ ತಿದ್ದುವ ಆಪ್ತಸಮಾಲೋಚನೆ ಇದೆ, ಕೆಲವರಿಗೆ ಔಷಧವೂ ಬೇಕಾಗುತ್ತದೆ. ತಿಂಗಳುಗಳು, ವರ್ಷಗಳೇ ಹಿಡಿಯಬಹುದು. ಆದರೆ ಗುಣವಾಗುವವರು ಬಹಳ. ಬೆಂಗಳೂರಿನ ನಿಮ್ಹಾನ್ಸ್ ಇದೆ; 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ (14416) ಕನ್ನಡದಲ್ಲೂ ಉಚಿತವಾಗಿ ದಾರಿ ತೋರಿಸುತ್ತದೆ.

ತಂದೆತಾಯಿಯರೇ, 'ದಪ್ಪಗಾದೆ, ಸಣ್ಣಗಾದೆ' ಎಂಬ ಮಾತು ನಿಮ್ಮ ಊಟದ ಮನೆಯಲ್ಲಿ ಬೇಡ. ಜಪಸರ ಹಿಡಿಯಿರಿ, ವೈದ್ಯರ ಬಳಿಗೂ ಹೋಗಿರಿ; ಒಂದು ಇನ್ನೊಂದರ ಬದಲಿಯಲ್ಲ.

ಆ ಹುಡುಗಿಯ ಕ್ಷಮೆ ಕೇಳಿದೆ. ಮುಂದಿನ ತಪಸ್ಸು ಕಾಲದಲ್ಲಿ ಏನು ತ್ಯಾಗ ಮಾಡಲಿ ಎಂದು ಅವಳು ಕೇಳಿದಾಗ ನಾನೆಂದೆ: "ನಿನ್ನ ಭಯವನ್ನು ದೇವರಿಗೆ ಒಪ್ಪಿಸಿ ಮೂರು ಹೊತ್ತೂ ಊಟಮಾಡು ಮಗಳೇ. ನಿನಗೆ ಅದೇ ತಪಸ್ಸು."