ಮುಟ್ಟಿಸಿದ ನುಡಿಯ ಹೊಣೆ

ನುಡಿದವನಿಗೆ ತನ್ನ ನುಡಿಯ ಹೊಣೆಯುಂಟೆಂಬದನ್ನು ಎಲ್ಲರೂ ಒಪ್ಪುವರು. ಬೇಕೆಂದು ಸುಳ್ಳಾಡಿದವನು ತಪ್ಪಿತಸ್ಥನೆಂಬದರಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ಬೇರೊಬ್ಬನ ಸುಳ್ಳನ್ನು ನಿಜವೆಂದು ನಂಬಿ ಮತ್ತೊಬ್ಬನಿಗೆ ಮುಟ್ಟಿಸಿದವನ ಮಾತೇನು? ಅವನ ಮನಸ್ಸಿನಲ್ಲಿ ವಂಚನೆಯಿರಲಿಲ್ಲ. ನಾಲ್ಕು ಜನರಿಗೆ ಒಳ್ಳೆಯದಾಗಲೆಂಬ ಭಾವವೇ ಇತ್ತು. ಅಂಥವನು ದೋಷಿಯೋ, ನಿರ್ದೋಷಿಯೋ? ಊರ ಕಟ್ಟೆಯ ಮೇಲಿನ ಹರಟೆಯ ಕಾಲದಲ್ಲಿ ಈ ಪ್ರಶ್ನೆ ಅಷ್ಟು ದೊಡ್ಡದೆನಿಸಿರಲಿಲ್ಲ. ಇಂದು ಶಾಲೆಗೆ ಹೋಗುವ ಹುಡುಗನ ಕೈಯಲ್ಲಿಯೂ ಮೊಬೈಲು ಇರುವದರಿಂದ, ಒಂದು ಬೆರಳಿನ ಅಲುಗಾಟದಿಂದ ಒಂದು ಮಾತು ನೂರು ಮನೆಗಳನ್ನು ಮುಟ್ಟುವದರಿಂದ, ಇದು ಪ್ರತಿಯೊಂದು ಮನೆಯ ಪ್ರಶ್ನೆಯಾಗಿದೆ.

2018ರ ಜುಲೈ 13ರಂದು ಬೀದರ ಜಿಲ್ಲೆಯ ಮುರ್ಕಿ ಎಂಬ ಊರಿನಲ್ಲಿ ನಡೆದ ಸಂಗತಿಯನ್ನು ಇಲ್ಲಿ ನೆನೆಯುವದು ಅವಶ್ಯ. ಹೈದರಾಬಾದಿನಿಂದ ಬಂದಿದ್ದ ಕೆಲವು ಮಂದಿ ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಅಷ್ಟರಿಂದಲೇ ಅವರು ಮಕ್ಕಳ ಕಳ್ಳರೆಂಬ ಸುದ್ದಿಯು ಹುಟ್ಟಿತು. ಅವರ ಕಾರಿಗಿಂತ ಮೊದಲೇ ಆ ಸುದ್ದಿಯು ವಾಟ್ಸಾಪಿನ ಮೂಲಕ ಮುಂದಿನ ಊರನ್ನು ಸೇರಿತು. ಜನರು ಗುಂಪುಗೂಡಿ ಹೊಡೆದರು. ಒಬ್ಬ ತರುಣ ಇಂಜಿನಿಯರನು ಪ್ರಾಣ ಬಿಟ್ಟನು. ಅವನ ಸಂಗಡಿಗರೂ, ಬಿಡಿಸಲು ಹೋದ ಪೋಲೀಸರೂ ಗಾಯಗೊಂಡರು.

ಆ ವರ್ಷ ದೇಶದ ಅನೇಕ ಕಡೆಗಳಲ್ಲಿ ಇಂಥ ಕೊಲೆಗಳಾದವು. ಅದಕ್ಕೆ ಮುಂಚೆ ಊರೂರಿನಲ್ಲಿ ಭೀತಿಯನ್ನು ಬಿತ್ತಿದ ವಿಡಿಯೊಗಳಲ್ಲಿ ಒಂದರಲ್ಲಿ ಮೋಟಾರುಸೈಕಲ್ಲಿನ ಮೇಲೆ ಬಂದವರು ಬೀದಿಯಲ್ಲಿ ಆಡುವ ಮಗುವನ್ನೆತ್ತಿಕೊಂಡು ಹೋಗುವ ದೃಶ್ಯವಿತ್ತು. ನಿಜವಾಗಿ ಅದು ಕರಾಚಿ ನಗರದಲ್ಲಿ ಮಕ್ಕಳ ರಕ್ಷಣೆಯ ವಿಷಯವಾಗಿ ತಾಯಿತಂದೆಗಳನ್ನು ಎಚ್ಚರಿಸಲು ತಯಾರಿಸಿದ ಚಿತ್ರ. ಅದರ ಕೊನೆಯಲ್ಲಿ ಅವರೇ ಮಗುವನ್ನು ಮರಳಿ ತಂದುಬಿಟ್ಟು ಎಚ್ಚರಿಕೆಯ ಬರಹವನ್ನು ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿದರು. ಉಳಿದದ್ದನ್ನು ಲಕ್ಷಾವಧಿ ಜನರು ನಂಬಿದರು.

ಆ ಸುದ್ದಿಯನ್ನು ಸಾಗಿಸಿದವರಲ್ಲಿ ಹೆಚ್ಚಿನವರು ದುಷ್ಟರಲ್ಲ. ತಮ್ಮ ಮಕ್ಕಳ ಮೇಲಿನ ಪ್ರೀತಿಯೇ ಅವರನ್ನು ಪ್ರೇರಿಸಿತ್ತು. ಹೀಗಿರಲು ಅವರ ಪಾಲಿಗೆ ದೋಷವೆಲ್ಲಿಂದ ಬಂತೆಂದು ಕೇಳಬಹುದು. ನೆರೆಮನೆಯ ಮಗುವಿಗೆ ಜ್ವರ ಬಂದಿದೆಯೆಂದು ಕರುಣೆಯಿಂದ, ಚೀಟಿಯಿಲ್ಲದ ಸೀಸೆಯೊಳಗಿನ ಔಷಧವನ್ನು ಕುಡಿಸಿದವನನ್ನು ವಿಚಾರಿಸಿ ನೋಡಬೇಕು. ಅವನ ಕರುಣೆ ಸುಳ್ಳಲ್ಲ. ಆದರೆ ಆ ಸೀಸೆಯಲ್ಲಿ ಏನಿದೆಯೆಂದು ಕೇಳಲು ಅವನಿಗೆ ಅವಕಾಶವಿತ್ತು, ಅವನು ಕೇಳಲಿಲ್ಲ. ತಿಳಿಯಲಾಗದೆ ತಪ್ಪಿದವನು ಬೇರೆ. ತಿಳಿಯಬಹುದಾಗಿದ್ದೂ ವಿಚಾರಿಸದೆ ತಪ್ಪಿದವನು ಬೇರೆ. ಮೊದಲನೆಯವನು ಕ್ಷಮಾರ್ಹನು. ಎರಡನೆಯವನ ಸದ್ಭಾವವು ಅವನ ಹೊಣೆಯನ್ನು ಹಗುರ ಮಾಡಬಹುದೇ ಹೊರತು ಇಲ್ಲವಾಗಿಸದು. ಆದಕಾರಣ ವಿಚಾರಿಸುವದು ಬರಿಯ ಜಾಣತನವಲ್ಲ. ಅದು ಸದಾಚಾರದ ಒಂದು ಅಂಗ.

ಆದರೆ ವಿಚಾರಿಸುವ ಬಗೆ ಯಾವದು? ಓದು ಬಲ್ಲವರಿಗೆ ಇದು ತಾನಾಗಿಯೇ ಬರುವದೆಂಬ ನಂಬಿಕೆ ಸರಿಯಲ್ಲ. ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ 10 ಮಂದಿ ಇತಿಹಾಸಜ್ಞರು, 25 ಮಂದಿ ವಿದ್ಯಾರ್ಥಿಗಳು, ಸುದ್ದಿಯ ಸತ್ಯಾಸತ್ಯ ಪರೀಕ್ಷೆಯನ್ನೇ ವೃತ್ತಿಯಾಗಿಸಿಕೊಂಡ 10 ಮಂದಿ, ಇವರೆಲ್ಲರಿಗೂ ಅಂತರ್ಜಾಲದ ಕೆಲವು ಪುಟಗಳನ್ನು ಕೊಟ್ಟು ನಂಬಲರ್ಹವೇ ಎಂದು ಕೇಳಲಾಯಿತು. ಪಂಡಿತರೂ ವಿದ್ಯಾರ್ಥಿಗಳೂ ಅದೇ ಪುಟವನ್ನು ಮೇಲಿಂದ ಕೆಳಗೆ ಓದಿದರು. ಅಂದವಾದ ಮುದ್ರೆ, ಘನವಾದ ಹೆಸರುಗಳನ್ನು ಕಂಡು ಹಲವರು ಮೋಸಹೋದರು. ವೃತ್ತಿಯವರಾದರೋ ಸ್ವಲ್ಪ ಹೊತ್ತಿನಲ್ಲಿಯೇ ಆ ಪುಟವನ್ನು ಬಿಟ್ಟು, ಇದನ್ನು ನಡೆಸುವವರು ಯಾರು, ಇವರ ವಿಷಯವಾಗಿ ಇತರರು ಏನೆನ್ನುವರು ಎಂದು ಹೊರಗೆ ಹುಡುಕಿದರು. ಅವರಿಗೆ ಬೇಗನೆ ಸರಿಯಾದ ಉತ್ತರ ದೊರೆಯಿತು. ಇಲ್ಲದ ಮುಖವನ್ನೂ ಆಡದ ಮಾತನ್ನೂ ಯಂತ್ರವೇ ಸೃಷ್ಟಿಸಬಲ್ಲ ಈ ದಿನಗಳಲ್ಲಿ ಸುದ್ದಿಯನ್ನು ಬರಿದೆ ನೋಡಿದರೆ ಸಾಲದು. ಅದು ಬಂದ ದಾರಿಯನ್ನೂ ನೋಡಬೇಕು.

ಇದನ್ನು ಮಕ್ಕಳಿಗೆ ಕಲಿಸಲು ಸಾಧ್ಯವಿದೆ. ಕೇರಳದ ಕಣ್ಣೂರು ಜಿಲ್ಲೆಯಲ್ಲಿ 2018ರಲ್ಲಿ ಸುಮಾರು 150 ಸರಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿಯನ್ನು ಗುರುತಿಸುವ ಪಾಠಗಳನ್ನು ಆರಂಭಿಸಲಾಯಿತು. ಇದನ್ನು ಹೇಳಿದವರು ಯಾರು, ಯಾವಾಗ ಹೇಳಿದರು, ಚಿತ್ರವು ಯಾವ ಊರಿನದು, ಬೇರೆ ನಂಬಲರ್ಹ ಪತ್ರಿಕೆಯಲ್ಲಿ ಇದು ಬಂದಿದೆಯೇ, ಇದನ್ನು ಓದಿದೊಡನೆ ಕೋಪವೋ ಭಯವೋ ಉಕ್ಕಿದ್ದೇಕೆ ಎಂಬಿಷ್ಟನ್ನು ಕೇಳಿಕೊಳ್ಳಲು ಹತ್ತು ವರ್ಷದ ಮಗುವಿಗೂ ಬರುವದು. ವಾಟ್ಸಾಪ್ ಸಂಸ್ಥೆಯು 2018ರಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಸಾಗಿಸಬಹುದೆಂದು ಮಿತಿ ಹಾಕಿತು; 2020ರಲ್ಲಿ ಬಹಳ ಕೈ ದಾಟಿ ಬಂದ ಸಂದೇಶಕ್ಕೆ ಒಂದೇ ಕಡೆಯೆಂದು ಕಟ್ಟು ಮಾಡಿತು. ಆದರೆ ಹೊರಗಿನ ಕಟ್ಟು ಬೆರಳನ್ನು ತಡೆಯಬಹುದು, ಮನಸ್ಸನ್ನು ತಿದ್ದಲಾರದು.

ಎಳೆಯರಿಗೆ ಎಲ್ಲವನ್ನೂ ಪರೀಕ್ಷಿಸಲು ಕಲಿಸಿದರೆ ಶ್ರದ್ಧೆಯು ಸಡಿಲಾಗುವದೆಂದು ಕೆಲವು ಹಿರಿಯರು ಅಂಜುವರು. ಈ ಅಂಜಿಕೆಯನ್ನು ಹಗುರಾಗಿ ತಳ್ಳಿಹಾಕಲಾಗದು. ಆದರೆ ಶ್ರದ್ಧೆಯು ಬಲ್ಲವರಲ್ಲಿ ಇಡತಕ್ಕದ್ದು. ಹೆಸರಿಲ್ಲದ ಸಂದೇಶದಲ್ಲಿ ಇಟ್ಟ ನಂಬಿಕೆಯು ಶ್ರದ್ಧೆಯಲ್ಲ, ಆಲಸ್ಯ. ಶರಣರು ತಮ್ಮ ವಚನಗಳಿಗೆ ಅಂಕಿತವನ್ನಿಟ್ಟರು. ಕೂಡಲಸಂಗಮದೇವ ಎಂದೊಡನೆ ಬಸವಣ್ಣನವರು, ಗುಹೇಶ್ವರ ಎಂದೊಡನೆ ಅಲ್ಲಮಪ್ರಭುಗಳು ನೆನಪಿಗೆ ಬರುವರು. ಆದರೂ ಅಂಕಿತವೊಂದೇ ಸಾಕ್ಷಿಯಾಗದು. ಯಾವನೂ ತನ್ನ ಮಾತಿನ ಕೊನೆಗೆ ಅದನ್ನು ಅಂಟಿಸಬಲ್ಲನು. ವಿಜಯಪುರದ ಫ. ಗು. ಹಳಕಟ್ಟಿಯವರು ಮನೆಮನೆಗಳಲ್ಲಿದ್ದ ತಾಳೆಗರಿಗಳನ್ನು ಅರಸಿ ಕಲೆಹಾಕಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. ಅವರ ಆ ಶೋಧನೆಗೆ ಭಕ್ತಿಯೇ ಮೂಲ. ಇಂದು ಬಸವಣ್ಣನವರ ಭಾವಚಿತ್ರದ ಕೆಳಗೆ ಯಾವದೋ ಮಾತನ್ನು ಬರೆದು ಕಳುಹಿಸಿದರೆ, ಇದು ಯಾವ ಸಂಪುಟದಲ್ಲಿದೆಯೆಂದು ಕೇಳುವ ಹುಡುಗನು ಶ್ರದ್ಧಾಹೀನನಲ್ಲ. ಬಸವಣ್ಣನವರ ಬಾಯಲ್ಲಿ ಅವರಾಡದ ಮಾತನ್ನು ತುರುಕಬಾರದೆಂಬ ಗೌರವ ಅವನಲ್ಲಿದೆ.

ಇದಕ್ಕೆ ಎದುರಾದ ಮತ್ತೊಂದು ಕೆಡಕೂ ಉಂಟು. ಎಲ್ಲ ಪತ್ರಿಕೆಗಳೂ ಸುಳ್ಳು, ಎಲ್ಲರೂ ಮೋಸಗಾರರೆಂದು ಏನನ್ನೂ ನಂಬದವನು ತನ್ನನ್ನು ವಿಚಾರವಂತನೆಂದು ಭಾವಿಸುವನು. ಅವನೂ ಪರೀಕ್ಷಿಸುವ ಶ್ರಮವನ್ನು ತಪ್ಪಿಸಿಕೊಂಡವನೇ. ತೂಕಕ್ಕೆ ತಕ್ಕಂತೆ ನಂಬುವದು, ತಕ್ಕಂತೆ ಸಂಶಯಿಸುವದು, ತಿಳಿಯದಿದ್ದಾಗ ಸುಮ್ಮನಿರುವದು, ಇದು ವಿದ್ಯಾವಂತನ ಲಕ್ಷಣ.

ಕೊನೆಗೆ ಈ ಪಾಠದ ಪರೀಕ್ಷೆ ನಡೆಯುವದು ಶಾಲೆಯಲ್ಲಲ್ಲ, ಮನೆಯ ಪಡಸಾಲೆಯಲ್ಲಿ. ತಂದೆಯು ಬೀಗರ ಗುಂಪಿಗೆ ಒಂದು ಸುದ್ದಿಯನ್ನು ಕಳುಹಿಸುವನು. ಮಗಳು ಹತ್ತಿರ ಬಂದು, “ಅಪ್ಪಾ, ಈ ಚಿತ್ರ ಹಳೇದು, ನಮ್ಮ ಸೀಮೆಯದಲ್ಲ” ಎನ್ನುವಳು. ಆಗ ತಂದೆಯು ಸಿಡಿದುಬಿದ್ದರೆ, ಸತ್ಯಕ್ಕಿಂತ ಹಿರಿತನ ದೊಡ್ಡದೆಂದು ಆ ಮಗು ಕಲಿಯುವದು; ಮುಂದೆಂದೂ ಬಾಯಿ ತೆರೆಯದು. “ಹೌದವ್ವಾ, ತಪ್ಪಾಯಿತು” ಎಂದು ಆ ಗುಂಪಿನಲ್ಲಿಯೇ ತಿದ್ದುಪಡಿಯನ್ನು ಬರೆದರೆ, ನೂರು ಪಾಠಗಳಿಂದ ಆಗದ ಕೆಲಸ ಆಗುವದು. ಬೀಗರೆದುರು ಕ್ಷಣಕಾಲ ತಲೆ ತಗ್ಗಬಹುದು. ಮುರ್ಕಿಯ ದಾರಿಯಲ್ಲಿ ಅಂಥ ಒಂದು ತಿದ್ದುಪಡಿಯು ಸಕಾಲದಲ್ಲಿ ಹೊರಟಿದ್ದರೆ, ಒಬ್ಬ ತಾಯಿಯ ಮಗನು ಬದುಕುಳಿಯುತ್ತಿದ್ದನೇನೋ.